ಅತ್ತೆ ನೆಟ್ಟ ಎರಡು ಸಾಲು ಟೊಮೇಟೊ

ಟೊಮೇಟೊ ಗಿಡದ ಎಲೆಯನ್ನು ಎಂದಾದರೂ ಬೆರಳಲ್ಲಿ ಉಜ್ಜಿ ಮೂಸಿದ್ದರೆ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಹಣ್ಣಿಗೆ ಆ ವಾಸನೆಯಿಲ್ಲ. ಸ್ವಲ್ಪ ಕಹಿ, ಸ್ವಲ್ಪ ಘಾಟು. ಕೈಗೆ ಅಂಟಿದರೆ ಬೆರಳು ಹಸಿರಾಗುತ್ತದೆ, ಒಂದು ಸಲದ ಸೋಪಿಗೆ ಹೋಗುವುದಿಲ್ಲ. ಈ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿದುಕೊಂಡಿತು. ವಾಮಂಜೂರಿನ ನಮ್ಮ ಮನೆಯ ತಾರಸಿಯಲ್ಲಿ ಕುಂಡದ ಗಿಡಗಳ ಕೆಳಗಿನ ಎಲೆಗಳನ್ನು ಚಿವುಟಿ ತೆಗೆಯುತ್ತಿದ್ದೆ, ಆ ವಾಸನೆ ಬಂತು. ಅದರ ಬೆನ್ನಿಗೇ ನಂತೂರಿನ ಮನೆ ಬಂತು, ಹಿತ್ತಲ ಜಗಲಿ ಬಂತು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾರಿಜತ್ತೆ ಬಂದರು.

ನಂತೂರಿನಲ್ಲಿ ಈಗ ಲಾರಿಗಳು ಸಾಲಾಗಿ ಕಾದು ನಿಲ್ಲುವ ಜಾಗದ ಬದಿಯಲ್ಲೇ ನಮ್ಮ ಹಂಚಿನ ಮನೆಯಿತ್ತು. ಅಜ್ಜ ದೇವಸ್ಥಾನದ ಅರ್ಚಕರು. ಬೆಳಗ್ಗೆ ಎದ್ದು ಮಿಂದು ಅವರ ಹರಿವಾಣಕ್ಕೆ ಹೂ ಕೊಯ್ದು ತುಂಬಿಸುವುದು ನನ್ನ ಕೆಲಸ, ಮತ್ತು ಆ ಕೆಲಸದ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು. ವಾರಿಜತ್ತೆ ಅಪ್ಪನ ತಂಗಿ, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮದುವೆಯಾಗದೆ ನಮ್ಮೊಂದಿಗೇ ಇದ್ದರು. ಅದಕ್ಕಾಗಿ ಯಾರಾದರೂ ಮರುಕ ತೋರಿಸಲು ಬಂದರೆ ಚೆನ್ನಾಗಿ ತಮಾಷೆ ಮಾಡಿ ಕಳಿಸುತ್ತಿದ್ದರು. ಅವರಿಗೆ ಟೊಮೇಟೊ ಸಾರೆಂದರೆ ಪ್ರಾಣ. ಅಜ್ಜನಿಗೋ ಟೊಮೇಟೊ ಎಲ್ಲಿಂದಲೋ ಬಂದ, ನೈವೇದ್ಯಕ್ಕೆ ಆಗದ ಹಣ್ಣು. ಒಳಗಿನ ಅಡಿಗೆಮನೆಗೆ ಅದಕ್ಕೆ ಪ್ರವೇಶವಿರಲಿಲ್ಲ. ಅತ್ತೆ ಜಗಳ ಮಾಡಲಿಲ್ಲ. ಹಿತ್ತಲ ಜಗಲಿಯ ಮೂಲೆಯಲ್ಲಿ ಒಂದು ಸೀಮೆಎಣ್ಣೆ ಸ್ಟವ್ ಇಟ್ಟುಕೊಂಡರು, ಅದರೆದುರಿನ ಮಣ್ಣಿನಲ್ಲಿ ಆರು ಟೊಮೇಟೊ ಗಿಡ ನೆಟ್ಟರು. ಅಷ್ಟು ಜನರಿದ್ದ ಮನೆಯಲ್ಲಿ ಪೂರ್ತಿ ತಮ್ಮದು ಎಂದು ಹೇಳಿಕೊಳ್ಳಲು ಅವರಿಗಿದ್ದದ್ದು ಆ ಆರು ಗಿಡ ಮಾತ್ರ ಎಂದು ಈಗ ಅನ್ನಿಸುತ್ತದೆ.

ನನಗೆ ಆಗ ಹದಿಮೂರು. ಮುಟ್ಟಾದಾಗ ಮೂರು ದಿನ ಹಿತ್ತಲ ಜಗಲಿಯಲ್ಲಿ ಹೊರಗೆ ಕೂರುವುದು ಶುರುವಾಗಿ ಎರಡು ತಿಂಗಳಾಗಿತ್ತಷ್ಟೆ. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಗಿಡಗಳನ್ನಂತೂ ಮುಟ್ಟಲೇಬಾರದು; ಮುಟ್ಟಿದರೆ ಮಲ್ಲಿಗೆ ಬಾಡುತ್ತದೆ, ವೀಳ್ಯದೆಲೆಯ ಬಳ್ಳಿ ಕೊಳೆತುಹೋಗುತ್ತದೆ ಎಂದು ಅಜ್ಜಿ ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ಆ ವರ್ಷವೂ ಬೇಸಿಗೆ ಮುಗಿಯುವ ಮೊದಲೇ ಮಳೆ ಬಂತು. ನಾನು ಹೊರಗೆ ಕೂತಿದ್ದ ಒಂದು ಮಧ್ಯಾಹ್ನ ಗಾಳಿಗೆ ಒಂದು ಗಿಡ ಊರುಗೋಲಿನಿಂದ ಕಳಚಿ, ಕಾಯಿಗಳ ಸಮೇತ ಕೆಸರಿಗೆ ಬಾಗಿತು. ಅತ್ತೆ ಪೇಟೆಗೆ ಹೋಗಿದ್ದರು. ನಾನು ಅತ್ತಿತ್ತ ನೋಡಿ, ಮಳೆಗೇ ಇಳಿದು, ಗಿಡವನ್ನು ಎತ್ತಿ ಬಾಳೆನಾರಿನಿಂದ ಕಟ್ಟಿ, ಏನೂ ಮಾಡದವಳಂತೆ ಚಾಪೆಯಲ್ಲಿ ಬಂದು ಕೂತೆ. ನಾಲ್ಕು ದಿನಕ್ಕೆ ಎಲೆಗಳ ಮೇಲೆ ಕಂದು ಚುಕ್ಕೆ ಕಂಡಿತು. ಹತ್ತು ದಿನಕ್ಕೆ ಆರೂ ಗಿಡಗಳು ಬೆಂಕಿ ತಾಗಿದ ಹಾಗೆ ಕರ್ರಗಾದವು. ಕಾಯಿಗಳು ತೊಟ್ಟಿನ ಬಳಿ ಕೊಳೆತು ಉದುರಿದವು.

ಅಜ್ಜಿ ಗಿಡಗಳ ಮುಂದೆ ನಿಂತು ಅತ್ತೆಯನ್ನೂ ನನ್ನನ್ನೂ ನೋಡಿದರು. "ಇದು ಮುಟ್ಟಾದವರು ಮುಟ್ಟಿದ್ದೇ. ಯಾರು?"

ನಾನು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ. ಅಷ್ಟರಲ್ಲಿ ಅತ್ತೆ, "ನಾನೇ ಅಮ್ಮ. ಮರೆತುಹೋಯ್ತು," ಎಂದರು. ಆ ತಿಂಗಳು ನನ್ನ ಬೆನ್ನಿಗೇ ಅವರೂ ಹೊರಗೆ ಕೂತಿದ್ದರು, ಹಾಗಾಗಿ ಅಜ್ಜಿ ನಂಬಿದರು. "ಎಂತ ಮಾರಾಯ್ತಿ, ಊರ ಮಕ್ಕಳಿಗೆ ಪಾಠ ಹೇಳುವವಳು ನೀನು, ನಿನಗೆ ಅಷ್ಟೂ ಗೊತ್ತಿಲ್ವಾ?" ಎಂದು ಶುರುವಾದ ಬೈಗುಳ ಸಂಜೆಯವರೆಗೂ ನಡೆಯಿತು. ನನ್ನ ತಪ್ಪಿಗೆ ಅವರು ಬೈಸಿಕೊಳ್ಳುವುದನ್ನು ಕೇಳುತ್ತಾ ಕೂತಿದ್ದೆ.

ಆಮೇಲಿನ ಒಂದು ವರ್ಷ ನಾನು ನನ್ನ ಕೈಗೇ ಹೆದರಿ ಬದುಕಿದೆ. ಮಿಂದು ಒಳಗೆ ಬಂದ ದಿನಗಳಲ್ಲೂ ಹೂ ಕೊಯ್ಯಲು ಹೋಗುತ್ತಿರಲಿಲ್ಲ. ತಲೆನೋವು, ಪಾಠ ಉಂಟು, ಕಾಲಿಗೆ ಮುಳ್ಳು ಹೆಟ್ಟಿದೆ ಎಂದು ಏನಾದರೊಂದು ನೆಪ. ಅಜ್ಜ ತಾವೇ ಹರಿವಾಣ ಹಿಡಿದು ಅಂಗಳಕ್ಕೆ ಇಳಿಯುವುದನ್ನು ಕಿಟಕಿಯಿಂದ ನೋಡಿ ಅಳು ಬರುತ್ತಿತ್ತು. ಕುಂಬಳ ಬಳ್ಳಿಯ ಒಂದು ಹೂ ಸುಮ್ಮನೆ ಉದುರಿದರೂ ನಾನು ಅದರ ಹತ್ತಿರ ಹೋಗಿದ್ದೆನೇ ಎಂದು ನೆನಪಿಸಿಕೊಳ್ಳುತ್ತಿದ್ದೆ.

ಮರುವರ್ಷ ಶಿವರಾತ್ರಿ ಕಳೆದ ಮೇಲೆ ಅತ್ತೆ ಎಂಟು ಸಸಿ ಎಬ್ಬಿಸಿದರು. ನಾಲ್ಕನ್ನು ಅಂಗಳದ ಬಯಲಿನಲ್ಲಿ ನೆಟ್ಟರು, ನಾಲ್ಕನ್ನು ಹಿತ್ತಲ ಜಗಲಿಗೆ ತಾಗಿ. ಜಗಲಿಯ ಸೂರಿನಿಂದ ಮುಂದಕ್ಕೆ ಒಂದು ಬಿಳಿ ಪ್ಲಾಸ್ಟಿಕ್ ಹಾಳೆಯನ್ನೂ ಎಳೆದು ಕಟ್ಟಿದರು. ಆಮೇಲೆ ಅಜ್ಜಿಯನ್ನು ಕರೆದು, "ಅಮ್ಮ, ಒಂದು ನೋಡುವ. ಅಂಗಳದ ಸಾಲು ನಿಮ್ಮದು. ನೀವು ಮಿಂದು ಮಡಿಯಲ್ಲಿ ನೀರು ಹಾಕಿ. ಜಗಲಿಯದ್ದು ಇವಳದ್ದು, ಹೊರಗೆ ಕೂತಾಗಲೂ ಇವಳೇ ಮುಟ್ಟುವುದು. ಯಾವುದು ಉಳಿಯುತ್ತದೆ ನೋಡುವ," ಎಂದರು. "ನೋಡ್ಲಿಕ್ಕೆ ಎಂತ ಉಂಟು? ನಂಗೆ ಗೊತ್ತುಂಟು," ಎಂದ ಅಜ್ಜಿ, ಮರುದಿನದಿಂದಲೇ ಒದ್ದೆ ಸೀರೆಯಲ್ಲಿ ಚೆಂಬು ಹಿಡಿದು ಹಾಜರಾದರು. ನಾನು ಅತ್ತೆಯ ಕೈ ಹಿಡಿದು ಬೇಡ ಎಂದೆ. ಈ ಹಾಳೆ ಯಾಕೆ ಎಂದು ಕೇಳಿದ್ದಕ್ಕೆ, "ಮತ್ತೆ, ನೀನು ಮಳೆಗೆ ನೆನೆದು ಚಂಡಿಯಾಗುವುದಾ?" ಎಂದರು.

ಅತ್ತೆ ಹೇಳಿದ್ದನ್ನೆಲ್ಲ ಮಾಡಿದೆ. ನೀರು ಬುಡಕ್ಕೆ ಮಾತ್ರ, ಎಲೆಗೆ ತಾಗಬಾರದು. ಬುಡದ ಸುತ್ತ ತರಗೆಲೆ ಹಾಸಬೇಕು. ನೆಲಕ್ಕೆ ತಾಗುವ ಎಲೆಗಳನ್ನು ಚಿವುಟಿ ತೆಗೆಯಬೇಕು. ಮೇ ತಿಂಗಳಲ್ಲಿ ಮೋಡ ಕವಿದು ಬಿಡದೆ ಮಳೆ ಹೊಯ್ಯುವುದಕ್ಕೂ ನಾನು ಹೊರಗೆ ಕೂರುವುದಕ್ಕೂ ಸರಿಹೋಯಿತು. ಹೆದರುತ್ತಲೇ ಗಿಡ ಕಟ್ಟಿದೆ, ಎಲೆ ಚಿವುಟಿದೆ. ಮೂರನೆಯ ದಿನ ಒಂದು ಎಲೆಯಲ್ಲಿ ಕಂದು ಚುಕ್ಕೆ ಕಂಡು ಕೂಗಿಕೊಂಡೆ. ಅತ್ತೆ ಓಡಿಬರಲಿಲ್ಲ, ನಡೆದೇ ಬಂದರು. "ಒಂದು ಎಲೆಗೆ ಬಂದದ್ದು ಒಂದು ಎಲೆಗೆ. ಕಿತ್ತು ಕೊಡು, ಬಚ್ಚಲ ಒಲೆಗೆ ಹಾಕ್ತೇನೆ. ನೀನು ಸೋಪು ಹಾಕಿ ಕೈ ತೊಳೆ," ಎಂದರು. ಅದೇ ವಾರ ಅಂಗಳದಲ್ಲಿ ಅಜ್ಜಿಯ ಸಾಲು ಕೆಳಗಿನಿಂದ ಮೇಲಕ್ಕೆ ಕಪ್ಪಾಗುತ್ತಾ ಹೋಯಿತು. ಮಡಿಯ ನೀರು ಕುಡಿದ ನಾಲ್ಕೂ ಗಿಡ ಮಲಗಿದವು. ನನ್ನ ಸಾಲಿನಲ್ಲಿ ಕಾಯಿ ಬಲಿತು, ಬಣ್ಣ ತಿರುಗಿ, ಕೆಂಪಾಯಿತು.

ಮುಂದಿನ ತಿಂಗಳು ನಾನು ಮತ್ತೆ ಹೊರಗೆ ಕೂತಿದ್ದಾಗ ಅಜ್ಜಿ ಬಾಗಿಲಲ್ಲಿ ಬಂದು ನಿಂತರು. ಮುಖ ಬೇರೆ ಕಡೆಗಿತ್ತು. "ಏ ಹುಡುಗಿ, ಅಲ್ಲಿ ನಾಲ್ಕು ಹಣ್ಣಾಗಿದೆಯಲ್ಲ, ಕೊಯ್ದು ಕೊಡು. ವಾರಿಜನಿಗೆ ಸಾರು ಬೇಕಂತೆ." ನಾನು ಕೊಯ್ದು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದೆ. "ಕೈಗೆ ಬೇಡ, ಕೆಳಗಿಡು. ನೀರು ತಳಿದು ತಕ್ಕೊಳ್ತೇನೆ," ಎಂದರು. ತಳಿದರು, ಸೆರಗಿಗೆ ಹಾಕಿಕೊಂಡು ಹೋದರು. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಅಲ್ಲೇ ಇಳಿಯಿತು. ಜಗಲಿಯ ಕಂಬಕ್ಕೆ ಒರಗಿ ಜೋರಾಗಿ ಅತ್ತುಬಿಟ್ಟೆ. ಆ ತಿಂಗಳು ಮಿಂದು ಒಳಗೆ ಬಂದ ದಿನ ಅಜ್ಜನಿಗಿಂತ ಮೊದಲೇ ಎದ್ದು ಹರಿವಾಣ ತುಂಬಿಸಿದೆ.

ಅತ್ತೆಗೆ ಆಗ ಹೇಳಿದೆ, ಹೋದ ವರ್ಷ ಗಿಡ ಕಟ್ಟಿದವಳು ನಾನೆಂದು. "ಗೊತ್ತುಂಟು," ಎಂದರು. "ಆ ದಿನ ಊಟ ಹಾಕುವಾಗ ನಿನ್ನ ಬೆರಳು ಹಸಿರಾಗಿತ್ತು. ವಾಸನೆಯೂ ಬರ್ತಿತ್ತು." ಮತ್ತೆ ಯಾಕೆ ನೀವು ಬೈಸಿಕೊಂಡದ್ದು ಎಂದರೆ, "ನನಗೆ ಅಭ್ಯಾಸ ಉಂಟು ಮಾರಾಯ್ತಿ, ನಿನಗೆ ಇಲ್ಲ," ಎಂದು ನಕ್ಕರು. ಮೊದಲ ಬೇಸಿಗೆಯಲ್ಲೇ ರೋಗದ ಎಲೆಯೊಂದನ್ನು ಪುಸ್ತಕದೊಳಗಿಟ್ಟು ಗೊಬ್ಬರದ ಅಂಗಡಿಗೆ ಒಯ್ದು ತೋರಿಸಿದ್ದರಂತೆ. ಅಂಗಡಿಯವರು ನೋಡಿದ ಕೂಡಲೇ, ಇದು ಅಂಗಮಾರಿ ರೋಗ, ಮಳೆಗೆ ಮಣ್ಣಿನ ನೀರು ಎಲೆಗೆ ಹಾರಿ ಬರುವುದು ಎಂದಿದ್ದರಂತೆ.

ಹೆದ್ದಾರಿ ಅಗಲವಾದಾಗ ಆ ಮನೆ ಹೋಯಿತು. ಅದಕ್ಕೂ ಮೊದಲು ಅಜ್ಜ, ಅಜ್ಜಿ ಹೋದರು. ಹೋದ ಮಳೆಗಾಲದಲ್ಲಿ ವಾರಿಜತ್ತೆಯೂ. ಈ ಸಲ ತಾರಸಿಯ ಗಿಡಗಳಿಗೆ ಮಳೆ ಬೀಳದಂತೆ ಶೀಟು ಕಟ್ಟುತ್ತಿದ್ದಾಗ, ಇಷ್ಟು ವರ್ಷ ತಲೆಗೆ ಹೋಗದ ಒಂದು ವಿಷಯ ಹೊಳೆದು ಕೈ ನಿಂತುಹೋಯಿತು. ಅತ್ತೆಗೆ ಎಂಟು ಸಸಿ ನೆಡುವ ಮೊದಲೇ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ನನ್ನ ಸಾಲಿಗೆ ಹಾಳೆ ಕಟ್ಟಿ, ಅಜ್ಜಿಯ ಸಾಲನ್ನು ಮಳೆಗೆ ಬಿಟ್ಟಿದ್ದರು. ಅದು ಪರೀಕ್ಷೆಯೇ ಅಲ್ಲ, ಶುದ್ಧ ಮೋಸ. ನಾನು ಗೆಲ್ಲಲೇಬೇಕೆಂದು ತಮ್ಮ ನಾಲ್ಕು ಗಿಡಗಳನ್ನು ಅವರು ಕೈಯಾರೆ ಕೊಳೆಯಲು ಬಿಟ್ಟಿದ್ದರು. ಮಳೆ ತಾರಸಿಯ ಶೀಟಿನ ಮೇಲೆ ಬೀಳುತ್ತಿತ್ತು. ಒಬ್ಬಳೇ ನಗುತ್ತಾ, ಕಣ್ಣೊರೆಸಿಕೊಳ್ಳಲು ಕೈಯೆತ್ತಿದೆ; ಬೆರಳುಗಳೆಲ್ಲ ಹಸಿರಾಗಿದ್ದವು.