ಜರಡಿಯ ಮೇಲಿನ ರಕ್ತನಾಳಗಳು

ದೀಪಾವಳಿಯೊಳಗೆ ಸಂಶೋಧನಾ ಪ್ರಬಂಧ ಕೊಡದಿದ್ದರೆ ಓದು ಬಿಟ್ಟು ಮದುವೆಯಾಗಬೇಕು ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಎಂಬತ್ತರ ದಶಕದ ಮಾತು. ಕಂಪ್ಲಿಯಲ್ಲಿ ನಮ್ಮದು ರೈಸ್ ಮಿಲ್ಲು. ಮೊಟ್ಟೆ ಕಂಡರೆ ಹೊಸ್ತಿಲು ತೊಳೆಯುವ ಮನೆ. ಆ ಮನೆಯ ಮಗಳು ಹೊಸಪೇಟೆಯ ಲ್ಯಾಬಿನಲ್ಲಿ ಕುರಿಯ ಮೆದುಳು ಅರೆಯುತ್ತಿದ್ದೆ.

ಅರೆದ ಮೆದುಳನ್ನು ನೈಲಾನ್ ಜಾಲರಿಯಲ್ಲಿ ಸೋಸಿದರೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಮೇಲೆ ಉಳಿಯುತ್ತವೆ. ಅವುಗಳ ಕೊಬ್ಬನ್ನೂ, ಸೋಸುವ ಮೊದಲೇ ತೆಗೆದಿಟ್ಟ ಮೆದುಳಿನ ಕೊಬ್ಬನ್ನೂ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಪುಡಿ ಲೇಪಿಸಿದ ಗಾಜಿನ ಫಲಕದ ಮೇಲೆ ಅಕ್ಕಪಕ್ಕ ಏರಿಸಬೇಕು. ಒಂದೊಂದು ಬಗೆಯ ಕೊಬ್ಬು ಒಂದೊಂದು ಎತ್ತರದಲ್ಲಿ ಚುಕ್ಕೆಯಾಗಿ ನಿಲ್ಲುತ್ತದೆ. ನಾಳದ ಕೊಬ್ಬು ಮೆದುಳಿನ ಕೊಬ್ಬಿಗಿಂತ ಬೇರೆಯೇ? ನನ್ನ ಪ್ರಬಂಧವೆಲ್ಲ ಇಷ್ಟೇ.

ಕೊನೆಯ ಫಲಕದಲ್ಲಿ ನಾಳದ ಸಾಲಿನ ತುದಿಗೆ ದಪ್ಪ ಚುಕ್ಕೆ ಬಂತು. ಮೆದುಳಿನ ಸಾಲಿನಲ್ಲಿ ಅದರ ಸುಳಿವೇ ಇಲ್ಲ. ನನ್ನ ಗೈಡ್ ಖುಷಿಯಲ್ಲಿ ಎದ್ದೇಬಿಟ್ಟರು.

"ಮಸ್ತ್ ಬಂದೈತಲ್ಲಮ್ಮ! ಜಲ್ದಿ ಬರಿ."

ಬರೆಯಲು ಕೂತಾಗ ಜಾಲರಿಯ ನೆನಪಾಯಿತು. ಅದನ್ನು ಜರಡಿಯ ಬಳೆಗೆ ಬಿಗಿಸಲು ಊರಿಗೆ ಒಯ್ದಿದ್ದೆ. ನಮ್ಮ ಮಿಲ್ಲಿನ ಜರಡಿ ಕಟ್ಟುವವನಷ್ಟು ಬಿಗಿಯಾಗಿ ಬೇರೆ ಯಾರೂ ಕಟ್ಟುವುದಿಲ್ಲ. ಹೊರಡುವಾಗ ಅವ್ವ, "ಹೊಸಾ ಜರಡಿ, ಚಲೋ ಆಗ್ಲಿ" ಎಂದು ಅದರಲ್ಲೇ ಅಕ್ಕಿ, ಒಣಕೊಬ್ಬರಿ ಇಟ್ಟು ನನಗೆ ಉಡಿ ತುಂಬಿದ್ದಳು. ನಾನು ಕಣ್ಣಾರೆ ಕಂಡಿದ್ದೆ. ಆದರೂ ಅವಸರದಲ್ಲಿ ಬರೀ ನೀರಲ್ಲಿ ತೊಳೆದಿದ್ದೆ. ಕೊಬ್ಬರಿ ಎಣ್ಣೆ ನೀರಿಗೆ ಹೋಗುತ್ತದೆಯೇ? ಕೊಬ್ಬಿನ ಮೇಲೆ ಪ್ರಬಂಧ ಬರೆಯುವವಳಿಗೆ ಅಷ್ಟೂ ಬುದ್ಧಿ ಬೇಡವೇ?

ಮೆದುಳನ್ನೇ ಹಾಕದೆ, ಜರಡಿ ತೊಳೆದ ಕ್ಲೋರೋಫಾರ್ಮನ್ನಷ್ಟೇ ಏರಿಸಿ ನೋಡಿದೆ. ಅದೇ ಎತ್ತರದಲ್ಲಿ ಅದೇ ಚುಕ್ಕೆ.

ಎರಡೂ ಫಲಕ ಗೈಡ್ ಮುಂದಿಟ್ಟೆ. ಅವರು ಬಾಗಿಲ ಕಡೆ ನೋಡಿದರು.

"ಇದನ್ನ ಯಾರ್ ನೋಡ್ಯಾರ?"

"ನಾನು ನೋಡೀನ್ರಿ, ಸರ್."

"ದೀಪಾವಳಿಗೆ ಹತ್ತೇ ದಿನ ಐತಿ. ಇದನ್ನ ತೊಳೆದಿಡು, ಸುಮ್ನ ರಗಳಿ ಬ್ಯಾಡ."

ನಾನು ಆ ಫಲಕವನ್ನು ತೊಳೆಯಲಿಲ್ಲ. ಪ್ರಬಂಧದಿಂದ ಆ ಹಾಳೆಗಳನ್ನು ತೆಗೆದೆ. ತೆಗೆದ ಮೇಲೆ ಕೊಡುವಂಥದ್ದು ಏನೂ ಉಳಿಯಲಿಲ್ಲ. ಮಾಘದಲ್ಲಿ ನನ್ನ ಮದುವೆಯಾಯಿತು.

ಮೆದುಳಿನ ನಾಳಗಳ ಕೊಬ್ಬು ನಿಜಕ್ಕೂ ಬೇರೆಯೇ ಆಗಿದೆ ಎಂದು ಆಮೇಲೆ ಬೇರೆಯವರು ಬರೆದದ್ದನ್ನು ಓದಿದೆ. ಸಂತೋಷವಾಗಲಿಲ್ಲ, ಸಿಟ್ಟು ಬಂತು. ಇನ್ನೊಂದು ಕುರಿ, ಇನ್ನೊಂದು ತಿಂಗಳು ಸಿಕ್ಕಿದ್ದರೆ ಅದನ್ನು ನಾನೇ ನೋಡುತ್ತಿದ್ದೆ.