ಬಗ್ಗದ ಸ್ವರ

ಗಾಜಿನ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಊದಪ್ಪ ಎಂದೇ. ಕಬ್ಬಿಣದ ಕೊಳವೆಯ ತುದಿಗೆ ಕಾದ ಗಾಜಿನ ಮುದ್ದೆ ಹತ್ತಿಸಿಕೊಂಡು ಮೂವತ್ತೆಂಟು ವರ್ಷ ಹೂಜಿ, ಸೀಸೆ, ದೀಪದ ಚಿಮಣಿ ಊದಿದವನಿಗೆ ಇನ್ನೇನು ಹೆಸರಿಟ್ಟಾರು! ಅವನ ತಮ್ಮನಿಗೂ ಒಂದು ಅಡ್ಡಹೆಸರಿತ್ತು: ಸರಿಯಿಲ್ಲ. ಅಣ್ಣ ಊದಿದ್ದನ್ನು ಉಜ್ಜಿ ನಯ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ತಮ್ಮನ ಕೆಲಸ. ಸಾಸಿವೆಯಷ್ಟು ಗುಳ್ಳೆ ಕಂಡರೂ ಸಾಕು, "ಸರಿಯಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿ ಡಬ್ಬಕ್ಕೆಸೆದು ಒಡೆಯುತ್ತಿದ್ದ. ಅಣ್ಣನದೆಂಬ ಮುಲಾಜಿಲ್ಲ, ಯಜಮಾನರು ನೋಡುತ್ತಿದ್ದಾರೆಂಬ ಅಂಜಿಕೆಯಿಲ್ಲ. ಮಾವನ ಮನೆಗೆ ಮೊದಲ ಸಲ ಹೋದಾಗ, ಕುಡಿಯಲು ನೀರು ಕೊಟ್ಟ ಲೋಟವನ್ನೂ ಬೆಳಕಿಗೆ ಹಿಡಿದ ಪ್ರಾಣಿ ಅವನು!

ಅಂಥವನು ಈಗ ಹಾಸಿಗೆ ಹಿಡಿದಿದ್ದ. ಉಜ್ಜಿದ ಗಾಜಿನ ದೂಳೆಲ್ಲ ಎದೆಯಲ್ಲೇ ಮನೆ ಮಾಡಿತ್ತು, ಡಾಕ್ಟರು ಕೈಚೆಲ್ಲಿದ್ದರು. ಟೀ ಹೊತ್ತಿನಲ್ಲಿ ನುಡಿಸುತ್ತಿದ್ದ ಮೌತ್ ಆರ್ಗನ್ ದಿಂಬಿನ ಪಕ್ಕ ಬಿದ್ದಿತ್ತು, ನುಡಿಸಲು ಉಸಿರಿಲ್ಲ. ಒಂದು ದಿನ ಅದನ್ನು ಅಣ್ಣನ ಕೈಗಿಟ್ಟ.

"ನಾಲ್ಕನೇ ತೂತು. ಆ ಸ್ವರಾನ ಬಗ್ಗಿಸಬೇಕು, ನುಡೀತಾ ಇದ್ದ ಹಾಗೇ ಒಂಚೂರು ಕೆಳಕ್ಕೆ ಜಾರಿಸಬೇಕು. ಅದೊಂದು ಕೇಳಿಬಿಟ್ಟು ಹೋಗ್ತೀನಿ ಕಣಣ್ಣ."

"ಎಲ್ಲಿಗೆ ಹೋಗ್ತೀಯೋ? ಸುಮ್ನಿರು," ಎಂದು ಊದಪ್ಪ ಗದರಿದ. ಗದರಿದರೇನು, ಕಲಿಯಲು ಕೂತ.

ಊದುವುದು ತಾನೇ, ಯಾವ ಮಹಾವಿದ್ಯೆ ಎಂದುಕೊಂಡಿದ್ದ. ಆದರೆ ಈ ಸ್ವರ ಬಗ್ಗುವುದು ಊದಿದರೆ ಅಲ್ಲ, ಉಸಿರನ್ನು ಒಳಕ್ಕೆಳೆದರೆ. ಅಲ್ಲೇ ಇತ್ತು ನೋಡಿ ಗ್ರಹಚಾರ! ಕೆಲಸಕ್ಕೆ ಸೇರಿದ ದಿನ ಮುದುಕ ಮೇಸ್ತ್ರಿ ಹೇಳಿದ ಮೊದಲ ಪಾಠವೇ ಬೇರೆ: "ಉಸಿರು ಮೂಗಲ್ಲಿ ಒಳಗೆ, ಬಾಯಲ್ಲಿ ಹೊರಗೆ. ಕೊಳವೆ ಬಾಯಲ್ಲಿದ್ದಾಗ ಒಳಗೆಳೆದ್ಯೋ, ಬೆಂದು ಹೋಗ್ತೀಯ." ಮೂವತ್ತೆಂಟು ವರ್ಷದಿಂದ ಆ ಮಾತು ಗಂಟಲಲ್ಲಿ ಕಾವಲು ಕೂತಿತ್ತು. ತುಟಿಗೆ ಲೋಹ ತಗುಲಿತೋ ಇಲ್ಲವೋ, ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಜಪ್ಪಯ್ಯ ಎಂದರೂ ಉಸಿರು ಒಳಗೆ ಬಾರದು.

"ಮೊದ್ಲು 'ಈ' ಅನ್ನೋ ಹಾಗೆ ನಾಲಿಗೆ ಇಟ್ಕೊಂಡು ಎಳಿ. ಎಳೀತಾನೇ 'ಊ' ಅನ್ನೋ ಕಡೆ ಹಿಂದಕ್ಕೆ ಜಾರಿಸು," ಎನ್ನುತ್ತಿದ್ದ ತಮ್ಮ, ಮಾತು ಮಾತಿಗೂ ಉಸಿರು ಹುಡುಕುತ್ತ. "ಜೋರಾಗಿ ಎಳೀಬೇಡ, ಅದೇನು ಬಾವಿ ಹಗ್ಗವಾ?"

ಎರಡು ವಾರ ಗುದ್ದಾಡಿದ ಮೇಲೆ ಉಸಿರು ಒಳಗೆ ಬಂತು. ಸ್ವರವೂ ಬಂತು, ಆದರೆ ದೊಣ್ಣೆಯ ಹಾಗೆ ನೆಟ್ಟಗೆ. ಬಗ್ಗಿಸಲು ಹೋದರೆ ಕಿರ್ರೆಂದು ನಿಂತೇ ಹೋಗುತ್ತಿತ್ತು.

"ಸರಿಯಿಲ್ಲ. ಇನ್ನೊಂದ್ಸಲ."

ಅಡುಗೆಮನೆಯಿಂದ ತಮ್ಮನ ಹೆಂಡತಿ ನಗುತ್ತಿದ್ದಳು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಭಾವ? ಬೆಕ್ಕಿನ ಬಾಲ ತುಳಿದ ಹಾಗಿದೆ, ಬಿಟ್ಬಿಡಿ!" ಆ ಮನೆಯಲ್ಲಿ ನಗು ಕೇಳಿ ಅದೆಷ್ಟು ದಿನವಾಗಿತ್ತೋ.

ದಿನಾ ಪಾಳಿ ಮುಗಿಸಿ ಬಂದು ಊದಪ್ಪ ಸ್ಟೂಲು ಎಳೆದು ಕೂರುತ್ತಿದ್ದ. ನಿಜ ಹೇಳಬೇಕೆಂದರೆ ಕಲಿಯುವ ಆಸೆ ಎಂದೋ ಬತ್ತಿಹೋಗಿತ್ತು, ಬರುತ್ತಿದ್ದದ್ದು ಬೈಸಿಕೊಳ್ಳಲು. ಆ "ಸರಿಯಿಲ್ಲ" ಕಿವಿಗೆ ಬಿದ್ದರೆ, ತಮ್ಮ ಇನ್ನೂ ತಮ್ಮನಾಗಿಯೇ ಇದ್ದಾನೆ ಎಂಬ ಧೈರ್ಯ. ಒಮ್ಮೆ ಮಾತ್ರ ಸ್ವರ ಕೂದಲೆಳೆಯಷ್ಟು ಕೆಳಗೆ ಜಾರಿತು. ತಮ್ಮ ತಟ್ಟನೆ ಕಣ್ಣುಬಿಟ್ಟ.

"ಹಾಂ, ಅದೇ ದಾರಿ! ಆದ್ರೂ ಸರಿಯಿಲ್ಲ."

ಆಮೇಲೆ ಎಷ್ಟು ಎಳೆದರೂ ಅದು ತಿರುಗಿ ಬರಲಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದಷ್ಟೇ ಲಾಭ.

ಚಳಿ ಶುರುವಾದ ಮೇಲೆ ತಮ್ಮನ ಮಾತು ಕರಗುತ್ತ ಬಂತು. "ಇನ್ನೊಂದ್ಸಲ" ಎನ್ನುವುದು ಮೊದಲು ನಿಂತಿತು. ಬರೀ "ಸರಿಯಿಲ್ಲ" ಉಳಿಯಿತು. ಕೊನೆಗೆ ಅದೂ ಬೆರಳಾಡಿಸುವಷ್ಟಕ್ಕೆ ಇಳಿಯಿತು.

ಆ ಮಧ್ಯಾಹ್ನ ಊದಪ್ಪ ಎಂದಿಗಿಂತ ಕೆಟ್ಟದಾಗಿ ನುಡಿಸಿದ. ಉಸಿರು ಮೂಗಿನಿಂದ ಸೋರಿತು, ಪಕ್ಕದ ತೂತೂ ಜೊತೆಗೂಡಿ ಅರಚಿತು, ಸ್ವರ ಒಂದಿಷ್ಟೂ ಬಗ್ಗಲಿಲ್ಲ. ಬೈಗುಳಕ್ಕೆ ಕಾದು ಕೂತ.

ತಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಸರಿಯಾಗಿದೆ ಕಣಣ್ಣ," ಎಂದ. "ಸಾಕು."

ಜೀವಮಾನದಲ್ಲಿ ಒಂದು ಗುಳ್ಳೆಯನ್ನೂ ದಾಟಗೊಡದವನು ಇಷ್ಟು ದೊಡ್ಡ ಒಡಕನ್ನು ದಾಟಿಸಿಬಿಟ್ಟಿದ್ದ. ಅಯ್ಯೋ, ಇನ್ನು ಇವನು ನಮಗಿಲ್ಲ ಎಂದು ಊದಪ್ಪನಿಗೆ ಆ ಕ್ಷಣಕ್ಕೇ ತಿಳಿದುಹೋಯಿತು. ಮಂಚದ ಮೇಲೆ ಬಾಗಿ ಪಿಸುಗುಟ್ಟಿದ: "ಸರಿಯಿಲ್ಲ ಅನ್ನೋ. ನಿನ್ನ ದಮ್ಮಯ್ಯ, ಒಂದೇ ಒಂದ್ಸಲ ಸರಿಯಿಲ್ಲ ಅನ್ನು." ತಮ್ಮ ಕಣ್ಣು ಮುಚ್ಚಿಕೊಂಡಿದ್ದ.

ಒದ್ದೆ ಕೈ ಒರೆಸಿಕೊಳ್ಳುತ್ತ ಅವನ ಹೆಂಡತಿ ಬಾಗಿಲಿಗೆ ಬಂದಳು. ಸ್ವರದ ಗಂಧಗಾಳಿ ಇಲ್ಲದವಳು, ಮುಖ ಅರಳಿತ್ತು.

"ಸರಿಯಾಗಿದೆ ಅಂದ್ರಲ್ಲ ಭಾವ! ಇವರ ಬಾಯಲ್ಲಿ ಆ ಮಾತು ನಾನು ಕೇಳೇ ಇರ್ಲಿಲ್ಲ. ಅಂತೂ ಬಗ್ಗಿತಾ?"

"ಹೂಂ ಕಣಮ್ಮ," ಎಂದ ಊದಪ್ಪ. "ಬಗ್ಗಿತು."