ಎಳೆದು ನೋಡಿದ ಮುಚ್ಚಳ

ಬಿರುಕು ಹದಿನೇಳು ಸೆಂಟಿಮೀಟರ್ ಇತ್ತು. ಬೂಕನಕೆರೆಯ ಆ ಮನೆಯಂಗಳದಲ್ಲಿ ಮಂಡಿಯೂರಿ, ನೀರಿನ ಸಂಪಿನ ಮುರಿದ ಮುಚ್ಚಳವನ್ನು ಸ್ಕೇಲಿನಿಂದ ಅಳೆದೆ. ಅಳೆಯಬೇಕಾದ ಅಗತ್ಯವಿರಲಿಲ್ಲ, ಅಳೆಯುತ್ತಿದ್ದರೆ ಮನೆಯಾಕೆಯ ಗಾಯದ ಕಾಲನ್ನು ನೋಡುವುದು ತಪ್ಪುತ್ತಿತ್ತು, ಅಷ್ಟೆ.

ಗೋಣಿಬಟ್ಟೆಯನ್ನು ರೆಸಿನ್ ಎಂಬ, ಒಣಗಿದರೆ ಕಲ್ಲಾಗುವ ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಕೂರಿಸಿ ಇಂಥ ಮುಚ್ಚಳ ಮಾಡುವವರು ಪಾಂಡವಪುರದಲ್ಲಿರುವ ನನ್ನ ಸೋದರಮಾವ. ಮೊದಲ ಮುಚ್ಚಳವನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ತಾವೇ ಹತ್ತಿ ಕುಣಿಯಲು ಹೊರಟಿದ್ದರು. "ಇದೆಲ್ಲ ಪರೀಕ್ಷೆಯಲ್ಲ ಮಾವ" ಎಂದು ನಾನೇ ಇಳಿಸಿದ್ದೆ. ಎಂಜಿನಿಯರಿಂಗ್ ಓದುವ ಹುಡುಗಿಯ ಮಾತೆಂದು ಇಳಿದಿದ್ದರು.

ಆ ಮುಚ್ಚಳದಿಂದ ಪಟ್ಟಿಗಳನ್ನು ಕತ್ತರಿಸಿ ಪರೀಕ್ಷಿಸಲು ಕಾಲೇಜಿಗೆ ಒಯ್ದೆ. ನಡುವೆ ಕಾಲಿಟ್ಟರೆ ಮುಚ್ಚಳ ಬಾಗುತ್ತದೆ, ಆದ್ದರಿಂದ ಪಟ್ಟಿಯನ್ನು ಬಾಗಿಸಿಯೇ ನೋಡಬೇಕು. ಅದು ನನಗೆ ಗೊತ್ತಿತ್ತು. ಆದರೆ ಬಾಗಿಸುವ ಸಲಕರಣೆ ಇನ್ನೊಂದು ವಿಭಾಗದ ಬೀರುವಿನಲ್ಲಿತ್ತು. ಪರಿಚಯವಿಲ್ಲದವರ ಹತ್ತಿರ ಹೋಗಿ ಕೇಳಬೇಕಿತ್ತು. ನಮ್ಮ ವಿಭಾಗದಲ್ಲಿ ಪಟ್ಟಿಯನ್ನು ಎರಡು ತುದಿ ಹಿಡಿದು ಎಳೆಯುವ ಯಂತ್ರ ಖಾಲಿಯಿತ್ತು. ಎಳೆದೆ. ನಾರು ಚೆನ್ನಾಗಿಯೇ ತಡೆದುಕೊಂಡಿತು. ಭಾರಕ್ಕೆ ಬಾಗಿದಾಗ ಪದರಗಳು ಒಂದನ್ನೊಂದು ಬಿಟ್ಟುಕೊಳ್ಳುತ್ತವೆಯೇ ಎಂಬುದನ್ನು ಆ ಎಳೆತ ಹೇಳುವುದಿಲ್ಲ. ಆದರೂ 'ಗಟ್ಟಿಯಾಗಿದೆ' ಎಂದು ಮಾವನಿಗೆ ಬರೆದುಕೊಟ್ಟೆ. ಅದನ್ನು ನಂಬಿ ಅವರು ಬೂಕನಕೆರೆಯ ಮೂರು ಮನೆಗಳಿಗೆ ಮುಚ್ಚಳ ಹಾಕಿಕೊಟ್ಟರು.

ಹುಲ್ಲಿನ ಹೊರೆ ಹೊತ್ತು ಮುಚ್ಚಳದ ಮೇಲೆ ಹೆಜ್ಜೆಯಿಟ್ಟಾಗ ಈ ಮನೆಯಾಕೆಯ ಒಂದು ಕಾಲು ತೊಡೆಯವರೆಗೆ ಒಳಗಿಳಿದಿತ್ತು. ಮೊಣಕಾಲಿನ ಕೆಳಗೆ ಚರ್ಮ ಸುಲಿದಿತ್ತು. ಅರಿಶಿನ ಮೆತ್ತಿಕೊಂಡು ಕುಳಿತಿದ್ದ ಆಕೆ ನನ್ನನ್ನು ನೋಡಿ ನಕ್ಕರು.

"ನಾನೇ ದಪ್ಪ ಆಗ್ಬುಟ್ಟಿವ್ನಿ ಕಣವ್ವಾ, ಪಾಪ ಮುಚ್ಚಳ ಏನ್ ಮಾಡ್ತದೆ!"

"ಅಂಗಲ್ಲ ಕಣಕ್ಕ," ಎಂದರು ನನ್ನ ಜೊತೆ ಬಂದಿದ್ದ ಮಾವ. "ರೆಸಿನ್ನು ನಾನೇ ಕಮ್ಮಿ ಹಾಕ್ಬುಟ್ಟಿದ್ದೆ. ಹೊಸ್ದು ತಂದ್ಕೊಡ್ತೀನಿ."

ಅವರು ಕಡಿಮೆ ಹಾಕಿರಲಿಲ್ಲ. ಅಳತೆ ಮಾಡಿ ಸುರಿಯುವಾಗ ನಾನೇ ಪಕ್ಕದಲ್ಲಿದ್ದೆ. ಆದರೂ ಸ್ಕೇಲನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಬೈಕಿನಲ್ಲಿ ವಾಪಸು ಬರುವಾಗ ಮಾವ ಅರ್ಧ ತಿರುಗಿ, "ಯಾಕವ್ವಾ ಸುಮ್ಕಿದ್ದೀಯ? ಬುಡು, ಮೂಳೆ ಮುರೀಲಿಲ್ವಲ್ಲ" ಎಂದರು. ಅವರು ಬೈದಿದ್ದರೆ ಹಗುರವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಬೂಕನಕೆರೆಗೆ ಹೋದೆ. ಆಕೆ ಹಸುವಿಗೆ ನೀರು ಕುಡಿಸುತ್ತಿದ್ದರು. ರೆಸಿನ್ನು ಸರಿಯಾಗಿತ್ತು, ತಪ್ಪು ಪರೀಕ್ಷೆ ಮಾಡಿ ಗಟ್ಟಿ ಎಂದವಳು ನಾನು ಎಂದು ಹೇಳಿದೆ. ಆಮೇಲೆ, ಅದೇ ಬೀದಿಯಲ್ಲಿ ನಮ್ಮ ಮುಚ್ಚಳ ಹಾಕಿಸಿಕೊಂಡಿದ್ದ ಇನ್ನೆರಡು ಮನೆಗಳು ಯಾವುವೆಂದು ಕೇಳಿಕೊಂಡು, ಮೊದಲನೆಯದರ ಕದ ತಟ್ಟಿದೆ.